ಹದಿನೇಳು ಒಂದುಗಳ ಸಂಖ್ಯೆ: ಶಿಡ್ಲಘಟ್ಟ ತಾಲ್ಲೂಕಿನ ಒಂದು ತರಗತಿಯ ಪ್ರಕರಣ

ಹಿನ್ನೆಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆ. ಕನ್ನಡ ಮಾಧ್ಯಮದ ಹತ್ತನೆಯ ತರಗತಿ. ನಾನು ಅಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯಲ್ಲಿ ರೇಷ್ಮೆಯ ಕೆಲಸವಿದೆ. ಕೆಲವರದು ಹಿಪ್ಪುನೇರಳೆ ತೋಟ, ಹುಳು ಸಾಕಣೆ. ಕೆಲವರ ತಂದೆತಾಯಿ ನೂಲು ತೆಗೆಯುವ ಘಟಕಗಳಲ್ಲಿ ದುಡಿಯುತ್ತಾರೆ. ಈ ಪ್ರಕರಣದ ವಿದ್ಯಾರ್ಥಿನಿ ಎರಡನೆಯ ಗುಂಪಿನವಳು. ಗುರುತು ಹತ್ತಬಾರದೆಂದು ಅವಳ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕಗಳನ್ನು ಮಾತ್ರ ಬದಲಿಸಿಲ್ಲ.

‘ವಾಸ್ತವ ಸಂಖ್ಯೆಗಳು’ ಪಾಠದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಬರುತ್ತದೆ: 1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಇದನ್ನು ಹೇಳಿ ಮುಗಿಸಿ, ಮಕ್ಕಳಿಗೆ ಖುಷಿಯಾಗಲೆಂದು ಮಹಾವೀರಾಚಾರ್ಯನ ಗುಣಾಕಾರವೊಂದನ್ನು ಕರಿಹಲಗೆಯ ಮೇಲೆ ಬರೆದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನಮ್ಮ ನೆಲದಲ್ಲೇ ಬಾಳಿದ ಗಣಿತಜ್ಞ ಅವನು. ಉತ್ತರವು ಕಂಠಹಾರದಂತೆ ಕಾಣುವ ಗುಣಾಕಾರಗಳನ್ನು ಅವನು ಪೋಣಿಸಿಟ್ಟಿದ್ದಾನೆ. ಅವುಗಳಲ್ಲಿ ಒಂದು, 152207 × 73. ಉತ್ತರ 11111111, ಎಂಟು ಒಂದುಗಳು.

ಮಧ್ಯದ ಬೆಂಚಿನಿಂದ ಆ ಹುಡುಗಿ ಕೇಳಿದಳು: “ಮೇಡಂ, ಎಂಟು ಒಂದು ಒಡೆಯುತ್ತದೆ. ಎಲ್ಲವೂ ಒಡೆಯುತ್ತವೆಯೇ?”

ಎರಡು ಒಂದು, ಅಂದರೆ 11, ಒಡೆಯುವುದಿಲ್ಲ. 111 ಎಂದರೆ 3 × 37. 1111 ಎಂದರೆ 11 × 101. ಒಂದುಗಳ ಎಣಿಕೆಯೇ ಭಾಜ್ಯ ಸಂಖ್ಯೆಯಾಗಿದ್ದರೆ ಇಡೀ ಸಂಖ್ಯೆಯೂ ಖಂಡಿತ ಒಡೆಯುತ್ತದೆ. ಆರು ಒಂದುಗಳನ್ನು ಮೂರು ಮೂರಾಗಿ ಕತ್ತರಿಸಿದರೆ 111 × 1001 ಆಗುವುದು ಕಣ್ಣಿಗೇ ಕಾಣುತ್ತದೆ. ಹಾಗಾದರೆ ನೋಡಬೇಕಾದದ್ದು ಒಂದುಗಳ ಎಣಿಕೆ ಅವಿಭಾಜ್ಯವಾಗಿರುವ ಸಂಖ್ಯೆಗಳನ್ನು ಮಾತ್ರ. 5, 7, 11, 13 ಒಂದುಗಳ ಸಂಖ್ಯೆಗಳ ಅಪವರ್ತನಗಳು ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿದ್ದವು, ಅವೆಲ್ಲವೂ ಒಡೆಯುತ್ತವೆ. ಹದಿನೇಳರದು ಇರಲಿಲ್ಲ. ನಮ್ಮ ಪ್ರಶ್ನೆ ಅಲ್ಲಿಗೆ ಬಂದು ನಿಂತಿತು: 11111111111111111 ಅವಿಭಾಜ್ಯವೇ?

ನಾನು ಮಾಡಿದ ತಪ್ಪು

ಮರುದಿನ ಲ್ಯಾಪ್‌ಟಾಪ್ ಅನ್ನು ತರಗತಿಗೆ ತಂದೆ. ಅಂಕಪಟ್ಟಿ ತಯಾರಿಸುವ ಸ್ಪ್ರೆಡ್‌ಶೀಟಿನ ಒಂದು ಚೌಕದಲ್ಲಿ ಹದಿನೇಳು ಒಂದುಗಳನ್ನು ಎಣಿಸಿ ಎಣಿಸಿ ಒತ್ತಿದೆ. ಪರದೆಯ ಮೇಲೆ 1.11111E+16 ಎಂದು ಬಂತು. ದೊಡ್ಡ ಸಂಖ್ಯೆಯನ್ನು ಅದು ಚುಟುಕಾಗಿ ತೋರಿಸುವುದು ಹೀಗೆಯೇ, ಮಕ್ಕಳಿಗೂ ಹಾಗೆಯೇ ಹೇಳಿದೆ. 111ರಲ್ಲಿ 37 ಇದೆಯಲ್ಲ, ಇಲ್ಲಿಯೂ ಇರಬಹುದು ಎಂದು ಪಕ್ಕದ ಚೌಕದಲ್ಲಿ 37ರಿಂದ ಭಾಗಿಸಿದೆ. ಉತ್ತರ: 300300300300300.

ತರಗತಿಯೆಲ್ಲ “ಓ” ಎಂದಿತು. ನನಗೂ ರೋಮಾಂಚನವಾಯಿತು. ಮಹಾವೀರನ ಹಾರದಂತೆಯೇ ಪೋಣಿಸಿದ ಅಂಕಿಗಳು, ಎಲ್ಲಿಯೂ ದಶಮಾಂಶ ಬಿಂದುವಿಲ್ಲ. “37 ಒಂದು ಅಪವರ್ತನ, ಆದ್ದರಿಂದ ಇದು ಅವಿಭಾಜ್ಯವಲ್ಲ” ಎಂದು ಕರಿಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಾನು ಇನ್ನೂ ಸೀಮೆಸುಣ್ಣ ಕೆಳಗಿಟ್ಟಿರಲಿಲ್ಲ. ಆ ಹುಡುಗಿ ಪುಸ್ತಕದ ಅಂಚಿನಲ್ಲಿ ಏನೋ ಗೀಚಿ ಎದ್ದು ನಿಂತಳು. “ಮೇಡಂ, 300ನ್ನು 37ರಿಂದ ಗುಣಿಸಿದರೆ ಕೊನೆಯಲ್ಲಿ ಎರಡು ಸೊನ್ನೆ ಬರುತ್ತದೆ. ನಮ್ಮ ಸಂಖ್ಯೆಯ ಕೊನೆಯಲ್ಲಿ ಸೊನ್ನೆ ಇಲ್ಲವಲ್ಲ.”

ಅವಳು ಇಡೀ ಗುಣಾಕಾರ ಮಾಡಿರಲಿಲ್ಲ, ಕೊನೆಯ ಅಂಕಿಯನ್ನಷ್ಟೇ ನೋಡಿದ್ದಳು. ಚೌಕದ ಸ್ವರೂಪ ಬದಲಿಸಿ ಪೂರ್ತಿ ಅಂಕಿಗಳು ಕಾಣುವಂತೆ ಮಾಡಿದೆ. ಅಲ್ಲಿದ್ದದ್ದು 11111111111111100. ಈ ಬಗೆಯ ತಂತ್ರಾಂಶ ಒಂದು ಸಂಖ್ಯೆಯಲ್ಲಿ ಮೊದಲ ಹದಿನೈದು ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಹದಿನೈದು ಒಂದುಗಳನ್ನು ಮೂರು ಮೂರಾಗಿ ಬಿಡಿಸಿದರೆ ಐದು 111 ಆಗುತ್ತವೆ, ಆದ್ದರಿಂದ 37 ಅದನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. ಯಂತ್ರ ಕೊಟ್ಟ ಉತ್ತರ ಸರಿಯೇ ಇತ್ತು, ಆದರೆ ಅದು ಬೇರೊಂದು ಪ್ರಶ್ನೆಯ ಉತ್ತರ. ಮನೆಗೆ ಹೋಗಿ 13ರಿಂದ ಭಾಗಿಸಿ ನೋಡಿದೆ. ಅಲ್ಲಿಯೂ 854700854700854 ಎಂದು ಬಿಂದುವಿಲ್ಲದ ಸಂಖ್ಯೆಯೇ ಬಂತು. ಭಾಗಲಬ್ಧವೇ ಹದಿನೈದು ಅಂಕಿಯದಾದಾಗ ದಶಮಾಂಶ ತೋರಿಸಲು ಪರದೆಯಲ್ಲಿ ಜಾಗವೇ ಉಳಿಯುವುದಿಲ್ಲ. ಬಿಂದು ಕಾಣದಿದ್ದರೆ ನಿಶ್ಶೇಷ ಎಂಬ ನನ್ನ ನಂಬಿಕೆಯೇ ಬುಡವಿಲ್ಲದ್ದು.

ಮರುದಿನ ಬರೆದದ್ದನ್ನು ಎಲ್ಲರ ಮುಂದೆ ಅಳಿಸಿದೆ. 37ರ ಪ್ರಶ್ನೆಯನ್ನು ಕೈಲೆಕ್ಕದಲ್ಲೇ ಮುಗಿಸಿದೆವು. 1000ವನ್ನು 37ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರಂಕಿಗಳಾಗಿ ಕತ್ತರಿಸಿ ಕೂಡಿದರೆ ಸಾಕು: ಐದು 111 ಮತ್ತು ಒಂದು 11, ಒಟ್ಟು 566. 37 × 15 = 555, ಶೇಷ 11. ಭಾಗವಾಗುವುದಿಲ್ಲ.

ಹುಡುಕಬೇಕೆ, ಹುಡುಕಬಾರದೆ

ಇಲ್ಲಿ ಒಂದು ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಸಹೋದ್ಯೋಗಿಯೊಬ್ಬರು, “ಮೊಬೈಲಿನಲ್ಲಿ ಹುಡುಕಿದರೆ ಅರೆನಿಮಿಷದಲ್ಲಿ ಸಿಗುತ್ತದೆ, ಮಕ್ಕಳ ಪಾಠ ಹಿಂದೆ ಬೀಳುತ್ತದೆ” ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಯಾರಿಗೂ ಕಾಯುವುದಿಲ್ಲ. ಆದರೆ ತಪ್ಪು ಉತ್ತರವೊಂದನ್ನು ಆಗಲೇ ಅಧಿಕಾರದಿಂದ ಹಲಗೆಯ ಮೇಲೆ ಬರೆದಿದ್ದ ನಾನು, ಈಗ ಸರಿ ಉತ್ತರವನ್ನೂ ಎಲ್ಲಿಂದಲೋ ತಂದು ಅದೇ ಅಧಿಕಾರದಿಂದ ಬರೆದರೆ ಮಕ್ಕಳ ಪಾಲಿಗೆ ಎರಡಕ್ಕೂ ಏನು ವ್ಯತ್ಯಾಸ? ಹುಡುಕುವುದು ಬೇಡವೆಂದು ತೀರ್ಮಾನಿಸಿದೆ. ತರಗತಿಯ ಅವಧಿಯನ್ನು ಬಳಸದೆ, ಆಸಕ್ತಿ ಇರುವವರು ಸಂಜೆ ಅರ್ಧ ಗಂಟೆ ಉಳಿಯಲಿ ಎಂದೆ. ಮೊದಲ ದಿನ ಹನ್ನೊಂದು ಮಂದಿ ಉಳಿದರು. ವಾರದ ಕೊನೆಗೆ ನಾಲ್ವರು.

ಸುಮ್ಮನೆ ಭಾಗಿಸುತ್ತಾ ಹೋಗುವುದು ಆಗದ ಮಾತು. ಈ ಸಂಖ್ಯೆಯ ವರ್ಗಮೂಲ 105409255ಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಕೋಟಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಪ್ರಯತ್ನಿಸಬೇಕಾದರೆ ಆಯುಷ್ಯ ಸಾಲದು. ಹಾಗಾಗಿ ಚಿಕ್ಕ ಸಂಖ್ಯೆಗಳನ್ನೇ ಹಲಗೆಯ ಮೇಲೆ ಬರೆದು, ನೋಡುತ್ತಾ ಕುಳಿತೆವು.

ಐದು ಒಂದು: 41 × 271.
ಏಳು ಒಂದು: 239 × 4649.
ಹನ್ನೊಂದು ಒಂದು: 21649 × 513239.
ಹದಿಮೂರು ಒಂದು: 53 × 79 × 265371653.

ಎರಡು ಸಂಜೆ ಏನೂ ಹೊಳೆಯಲಿಲ್ಲ. ಮೂರನೆಯ ಸಂಜೆ ಅವಳು 41, 271 ಎರಡೂ 1ರಲ್ಲಿ ಮುಗಿಯುತ್ತವೆ ಎಂದಳು. ಬೇರೆಯವು ಹಾಗಿಲ್ಲವಲ್ಲ ಎಂದು ಒಬ್ಬ ಹುಡುಗ ತಳ್ಳಿಹಾಕಿದ. ಅವಳು ಪಟ್ಟು ಬಿಡಲಿಲ್ಲ: 1ರಲ್ಲಿ ಮುಗಿಯುವುದೆಂದರೆ 5ರಿಂದ ಭಾಗಿಸಿದಾಗ 1 ಉಳಿಯುವುದು. ಹಾಗಾದರೆ 239ನ್ನು 7ರಿಂದ ಭಾಗಿಸಿದರೆ? 7 × 34 = 238, ಉಳಿದದ್ದು 1. 53ನ್ನು 13ರಿಂದ? 52, ಉಳಿದದ್ದು 1. 79? 78, ಉಳಿದದ್ದು 1. ಆಮೇಲೆ ಯಾರೂ ಕುಳಿತಿರಲಿಲ್ಲ, ಎಲ್ಲರೂ ಹಲಗೆಯ ಬಳಿ ನಿಂತಿದ್ದರು. 4649 ಸರಿಹೋಯಿತು. 21649 ಸರಿಹೋಯಿತು. ಹದಿನೇಳು ಒಂದುಗಳಿಗೆ ಅಪವರ್ತನವೇನಾದರೂ ಇದ್ದರೆ, ಅದನ್ನು 17ರಿಂದ ಭಾಗಿಸಿದಾಗ 1 ಉಳಿಯಬೇಕು ಎಂದು ಊಹಿಸಿದೆವು.

ಊಹೆಯನ್ನು ಊಹೆಯಾಗಿಯೇ ಬಿಡಲು ನನಗೆ ಮನಸ್ಸಾಗಲಿಲ್ಲ. 37ರ ಅನುಭವದ ಮೇಲೆ, ಚೆಂದ ಕಂಡದ್ದೆಲ್ಲ ನಿಜವಲ್ಲ ಎಂಬ ಎಚ್ಚರ ಮಕ್ಕಳಿಗೂ ಬಂದಿತ್ತು.

41ರ ಎಂಟು ಸುತ್ತುಗಳು

ಫರ್ಮಾ ಪ್ರಮೇಯದ ಹೆಸರು ಹೇಳಿ ಮುಗಿಸಬಹುದಿತ್ತು, ಆದರೆ ಅದು ಅವರ ಪಠ್ಯದಲ್ಲಿಲ್ಲ. ಅವರಿಗೆ ಗೊತ್ತಿರುವುದು ಭಾಗಾಕಾರ ಮತ್ತು ಆವರ್ತ ದಶಮಾಂಶ. 1ನ್ನು 41ರಿಂದ ಭಾಗಿಸುತ್ತಾ ಹೋಗುವಾಗ ಉಳಿಯುವ ಶೇಷಗಳನ್ನು ಬರೆಯಿರಿ ಎಂದೆ. ಪ್ರತಿ ಹೆಜ್ಜೆಯಲ್ಲೂ ಶೇಷವನ್ನು ಹತ್ತರಿಂದ ಗುಣಿಸಿ, 41ರಿಂದ ಭಾಗಿಸಿ, ಉಳಿದದ್ದನ್ನು ಬರೆಯುವುದು.

1, 10, 18, 16, 37, ಮತ್ತೆ 1.

ಐದು ಹೆಜ್ಜೆಗೆ ಸುತ್ತು ಪೂರ್ತಿ. ಈ ಸುತ್ತಿನಲ್ಲಿ 2 ಇಲ್ಲ. ಹಾಗಾದರೆ 2ರಿಂದ ಶುರು ಮಾಡೋಣ: 2, 20, 36, 32, 33, ಮತ್ತೆ 2. ಇದೂ ಐದು. 3 ಇನ್ನೂ ಬಂದಿಲ್ಲ, ಅದರಿಂದ ಇನ್ನೊಂದು ಸುತ್ತು. ಅವಳು ಪ್ರತಿ ಸುತ್ತನ್ನೂ ಬಳೆಯಂತೆ ದುಂಡಗೆ ಬರೆದು, “ಲಡಿ ಸುತ್ತಿದ ಹಾಗೆ, ನೂಲು ಹೊರಟ ಕಡ್ಡಿಗೇ ಬರುತ್ತದೆ” ಎಂದಳು. ತಾಯಿ ನೂಲು ತೆಗೆಯುವುದನ್ನು ದಿನವೂ ನೋಡುವ ಮಗುವಿಗೆ ಹೊಳೆದ ಈ ಹೋಲಿಕೆಗಿಂತ ಒಳ್ಳೆಯದನ್ನು ನಾನು ಕೊಡಲಾರೆ. 1ರಿಂದ 40ರವರೆಗಿನ ಶೇಷಗಳೆಲ್ಲ ಯಾವುದಾದರೂ ಒಂದು ಸುತ್ತಿನಲ್ಲಿ, ಒಂದೇ ಒಂದು ಸುತ್ತಿನಲ್ಲಿ, ಬಂದು ಕುಳಿತವು. ಎಂಟು ಸುತ್ತು, ಒಂದೊಂದರಲ್ಲಿ ಐದು. ಆದ್ದರಿಂದಲೇ 40 ಐದರ ಗುಣಕ, ಆದ್ದರಿಂದಲೇ 41ನ್ನು 5ರಿಂದ ಭಾಗಿಸಿದರೆ 1 ಉಳಿಯುತ್ತದೆ.

ಹದಿನೇಳಕ್ಕೂ ಇದೇ ವಾದ ನಿಲ್ಲುತ್ತದೆ. ಅವಿಭಾಜ್ಯವೊಂದು ಹದಿನೇಳು ಒಂದುಗಳನ್ನು ಭಾಗಿಸಿದರೆ, ಅದರ ಒಂಬತ್ತರಷ್ಟಾದ ಹದಿನೇಳು ಒಂಬತ್ತುಗಳನ್ನೂ ಭಾಗಿಸುತ್ತದೆ. ಅಂದರೆ ಹತ್ತರಿಂದ ಹದಿನೇಳು ಸಲ ಗುಣಿಸಿದರೆ ಪ್ರತಿ ಶೇಷವೂ ಹೊರಟಲ್ಲಿಗೇ ಮರಳುತ್ತದೆ. 17 ಅವಿಭಾಜ್ಯವಾದ್ದರಿಂದ ಸುತ್ತಿನ ಉದ್ದ 17 ಅಥವಾ 1 ಮಾತ್ರ ಆಗಬಹುದು. ಒಂದೇ ಹೆಜ್ಜೆಗೆ ಮರಳಬೇಕಾದರೆ ಆ ಅವಿಭಾಜ್ಯ 9ನ್ನು ಭಾಗಿಸಬೇಕು, ಅಂದರೆ ಅದು 3 ಆಗಿರಬೇಕು. ಹದಿನೇಳು ಒಂದುಗಳ ಅಂಕಮೊತ್ತ 17, ಅದು 3ರಿಂದ ಭಾಗವಾಗದು. ಹಾಗಾಗಿ ಎಲ್ಲ ಸುತ್ತುಗಳೂ ಹದಿನೇಳರವೇ, ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಉಳಿಯುವುದು 17ರ ಗುಣಕ. ಸಂಖ್ಯೆ ಬೆಸವಾದ್ದರಿಂದ ಅಪವರ್ತನವೂ ಬೆಸ, ಒಂದು ಕಳೆದದ್ದು ಸಮ. ಅಲ್ಲಿಗೆ ಅದು 34ರ ಗುಣಕ.

ಇದರ ಬಲ ಎಷ್ಟೆಂದು ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಸಾವಿರದೊಳಗೆ 168 ಅವಿಭಾಜ್ಯಗಳಿವೆ. 34ರ ಗುಣಕಕ್ಕಿಂತ ಒಂದು ಹೆಚ್ಚಿರುವವು ಹತ್ತೇ: 103, 137, 239, 307, 409, 443, 613, 647, 919, 953. ಉಳಿದ 158ನ್ನು ಮುಟ್ಟದೆಯೇ ಪಕ್ಕಕ್ಕಿಟ್ಟೆವು.

103ರ ಸಂಜೆ

ಈ ಹತ್ತನ್ನು ಕೈಯಲ್ಲೇ ಪರೀಕ್ಷಿಸಿದೆವು. ದೊಡ್ಡ ಸಂಖ್ಯೆಯನ್ನು ಭಾಗಿಸುವ ಗೋಜಿಲ್ಲ. ಹತ್ತನ್ನು ವರ್ಗಮಾಡಿ ಶೇಷ ತೆಗೆದು, ಆ ಶೇಷವನ್ನು ಮತ್ತೆ ವರ್ಗಮಾಡಿ, ಹೀಗೆ ನಾಲ್ಕು ಸಲ ಮಾಡಿದರೆ ಹತ್ತರ ಹದಿನಾರನೆಯ ಘಾತದ ಶೇಷ ಸಿಗುತ್ತದೆ. ಇನ್ನೊಮ್ಮೆ ಹತ್ತರಿಂದ ಗುಣಿಸಿದರೆ ಹದಿನೇಳು. ಕೊನೆಗೆ 1 ಉಳಿದರೆ ಅಪವರ್ತನ ಸಿಕ್ಕಿತು.

103ರ ಲೆಕ್ಕ ಹೀಗೆ ಸಾಗಿತು. 100 ಎಂದರೆ 3 ಕಡಿಮೆ, ಅದನ್ನು −3 ಎಂದುಕೊಂಡರೆ ವರ್ಗ 9. ಅದರ ವರ್ಗ 81, ಅಂದರೆ −22. ಅದರ ವರ್ಗ 484. 412 ಕಳೆದರೆ 72. ಹತ್ತರಿಂದ ಗುಣಿಸಿ 720. 618 ಕಳೆದರೆ 102.

102! ಬೇಕಾದದ್ದು 1, ಬಂದದ್ದು −1. ಒಬ್ಬ ಹುಡುಗ ಎಲ್ಲೋ ಚಿಹ್ನೆ ತಪ್ಪಿರಬೇಕೆಂದು ಮೂರು ಸಲ ಲೆಕ್ಕ ಮಾಡಿದ. ತಪ್ಪಿರಲಿಲ್ಲ. 103 ಭಾಗಿಸುವುದು 1ರ ಮುಂದೆ ಹದಿನಾರು ಸೊನ್ನೆ ಇಟ್ಟು ಕೊನೆಗೆ 1 ಬರೆದ ಸಂಖ್ಯೆಯನ್ನು. ಅದರ ಸುತ್ತಿನ ಉದ್ದ 34. ನಾವು ತಟ್ಟಿದ್ದು ಪಕ್ಕದ ಮನೆಯ ಬಾಗಿಲನ್ನು. ನನಗೆ ಆ ಸಂಜೆ ಇಡೀ ಪ್ರಕರಣದಲ್ಲೇ ಹೆಚ್ಚು ಪ್ರಿಯವಾದದ್ದು, ಏಕೆಂದರೆ ಸೋತ ಲೆಕ್ಕವೂ ಏನೋ ಒಂದು ನಿಜವನ್ನು ಹೇಳಿತ್ತು.

239ಕ್ಕೆ ಲೆಕ್ಕವೇ ಬೇಕಾಗಲಿಲ್ಲ. ಅದು ಏಳು ಒಂದುಗಳ ಅಪವರ್ತನ, ಅದರ ಸುತ್ತು ಏಳು ಹೆಜ್ಜೆಯದು, ಹದಿನೇಳರದಾಗಲು ಸಾಧ್ಯವಿಲ್ಲ. 137 ಕೂಡ ಹಾಗೆಯೇ, ಅದು 10001ರ ಅಪವರ್ತನ, ಸುತ್ತು ಎಂಟು ಹೆಜ್ಜೆ. ಉಳಿದ ಏಳೂ ಕೈಕೊಟ್ಟವು.

ಮತ್ತೆ ಯಂತ್ರದ ಬಳಿಗೆ

ವರ್ಗಮೂಲದವರೆಗೆ 34ರ ಗುಣಕಕ್ಕೆ ಒಂದು ಸೇರಿಸಿದ ಸಂಖ್ಯೆಗಳು 31,00,272. ಇಷ್ಟನ್ನು ಕೈಯಲ್ಲಿ ಮಾಡಲಾಗದು. ನಮ್ಮ ಶಾಲೆಯಲ್ಲೇ ಓದಿ ಈಗ ಎಂಜಿನಿಯರಿಂಗ್ ಕಲಿಯುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನ ಬ್ರೌಸರ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ ಬರೆದು ಕಳುಹಿಸಿದ. ಅದನ್ನು ಓಡಿಸುವ ಮೊದಲು ಅವಳು, “ಸಂಖ್ಯೆಯನ್ನು ಒಮ್ಮೆ ತೋರಿಸಲು ಹೇಳಿ ಮೇಡಂ” ಎಂದಳು. ತೋರಿಸಿತು: 11111111111111112.

ಈ ಸಲ ಯಾರೂ ಮೋಸಹೋಗಲಿಲ್ಲ. ಅಂಥ ಪ್ರೋಗ್ರಾಂಗಳು ಸಂಖ್ಯೆಗಳನ್ನು ಸಾಮಾನ್ಯವಾಗಿ ಇಡುವ ಕ್ರಮದಲ್ಲಿ ನಿಖರತೆಗೆ 53 ದ್ವಿಮಾನ ಅಂಕಿಗಳಷ್ಟೇ ಸಿಗುತ್ತವೆ. 2ರ 53ನೆಯ ಘಾತ 9007199254740992. ಅದನ್ನು ದಾಟಿದ ಮೇಲೆ ಬೆಸ ಸಂಖ್ಯೆಗಳಿಗೆ ಅಲ್ಲಿ ಜಾಗವೇ ಇಲ್ಲ. ನಮ್ಮ ಸಂಖ್ಯೆ ಅದಕ್ಕಿಂತ ದೊಡ್ಡದು, ಬೆಸ. ಆದ್ದರಿಂದ ಪಕ್ಕದ ಸಮಸಂಖ್ಯೆಗೆ ಸರಿಯಿತು. ಪೈಥಾನ್ ಭಾಷೆಯಲ್ಲಿ ಪೂರ್ಣಾಂಕಗಳಿಗೆ ಈ ಮಿತಿ ಇಲ್ಲ. ಐದು ಸಾಲಿನ ಪ್ರೋಗ್ರಾಂ ಬರೆದು, ಮೊದಲು ಸಂಖ್ಯೆಯನ್ನು ಮುದ್ರಿಸಿ, ಹದಿನೇಳು ಒಂದುಗಳನ್ನು ಬೆರಳಿಟ್ಟು ಎಣಿಸಿ, ಆಮೇಲೆ ಓಡಿಸಿದೆವು.

34ನ್ನು 60,933ರಿಂದ ಗುಣಿಸಿ ಒಂದು ಸೇರಿಸಿದಾಗ ಅದು ನಿಂತಿತು: 2071723. ಭಾಗಲಬ್ಧ 5363222357.

ನಂಬುವ ಮೊದಲು ತಾಳೆ ನೋಡಿದೆವು. ಮೊದಲನೆಯದರ ಅಂಕಮೊತ್ತ 22, ಅಂದರೆ 4. ಎರಡನೆಯದರದು 38, ಅಂದರೆ 11, ಅಂದರೆ 2. ಗುಣಿಸಿದರೆ 8. ಹದಿನೇಳು ಒಂದುಗಳದು 17, ಅಂದರೆ 8. ಸರಿ. ಅಷ್ಟಕ್ಕೇ ಬಿಡದೆ ನಾಲ್ವರೂ ಸೇರಿ ಇಡೀ ಗುಣಾಕಾರವನ್ನು ಹಲಗೆಯ ಮೇಲೆ ಮಾಡಿದರು. ಏಳು ಸಾಲು, ಅದರಲ್ಲಿ ಒಂದು ಸೊನ್ನೆಯದು. ಕೂಡುತ್ತಾ ಬಲದಿಂದ ಎಡಕ್ಕೆ ಒಂದೊಂದೇ 1 ಇಳಿಯತೊಡಗಿದಾಗ ಉಸಿರು ಬಿಗಿಹಿಡಿದು ನೋಡಿದೆವು. ಹದಿನೇಳನೆಯದು ಇಳಿದಾಗ ಕತ್ತಲಾಗಿತ್ತು, ನಾನು ಸ್ಕೂಟರಿನಲ್ಲಿ ಇಬ್ಬರನ್ನು ಮನೆಗೆ ಬಿಟ್ಟು ಬಂದೆ.

ಉಳಿದ ಒಂದು ಪ್ರಶ್ನೆ

ಮೂಲಭೂತ ಪ್ರಮೇಯದ ಪ್ರಕಾರ ಅವಿಭಾಜ್ಯಗಳವರೆಗೆ ಒಡೆಯಬೇಕು. 5363222357 ಅವಿಭಾಜ್ಯವೇ? ಅದಕ್ಕೆ ಇನ್ನೊಂದು ಪ್ರೋಗ್ರಾಂ ಬರೆಯೋಣ ಎಂದೆ. ಅವಳು ಬೇಡ ಎಂದಳು.

ಅವಳ ವಾದವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆ ಸಂಖ್ಯೆ ಒಡೆಯುವುದಾದರೆ ಅದರ ಅತಿ ಚಿಕ್ಕ ಅಪವರ್ತನ ಅದರ ವರ್ಗಮೂಲವನ್ನು, ಅಂದರೆ ಸುಮಾರು 73234ನ್ನು, ಮೀರಲಾರದು. ಅದು ಹದಿನೇಳು ಒಂದುಗಳ ಅಪವರ್ತನವೂ ಆಗಿರಬೇಕು. ಹಾಗಿದ್ದರೆ 2071723ಕ್ಕೆ ತಲುಪುವ ಎಷ್ಟೋ ಮೊದಲೇ ನಮ್ಮ ಪ್ರೋಗ್ರಾಂ ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆದ್ದರಿಂದ 5363222357 ಅವಿಭಾಜ್ಯ. 2071723 ಕೂಡ ಅದೇ ಕಾರಣಕ್ಕೆ ಅವಿಭಾಜ್ಯ. ಸಿಗದೇ ಹೋದ ಅರವತ್ತು ಸಾವಿರ ಪ್ರಯತ್ನಗಳೇ ಇಲ್ಲಿ ಸಾಕ್ಷಿ ನುಡಿದವು. ಹೊಸ ಲೆಕ್ಕ ಒಂದೂ ಬೇಕಾಗಲಿಲ್ಲ.

ಇದೇ ದಾರಿ ಹಿಡಿಯುವ ಶಿಕ್ಷಕರಿಗೆ ಒಂದು ಮಾತು. ನಾನು ಮತ್ತೆ ಮಾಡುವುದಾದರೆ ಹದಿಮೂರು ಒಂದುಗಳಿಂದ ಶುರು ಮಾಡುತ್ತೇನೆ, ಅದರ ಅಪವರ್ತನಗಳನ್ನು ಮುಂಚೆಯೇ ಹಲಗೆಯ ಮೇಲೆ ಬರೆದುಬಿಡುವುದಿಲ್ಲ. ಅಲ್ಲಿ ಹೆಜ್ಜೆ 26ರದು. 27 ಭಾಗಿಸುವುದಿಲ್ಲ, ಎರಡನೆಯದಾದ 53ಕ್ಕೇ ಸಿಕ್ಕಿಬಿಡುತ್ತದೆ. ಆ ಗೆಲುವನ್ನು ಎಲ್ಲರೂ ತಮ್ಮ ಕೈಯಾರೆ ಪಡೆದಿದ್ದರೆ ಹನ್ನೊಂದು ಮಂದಿ ನಾಲ್ವರಾಗುತ್ತಿರಲಿಲ್ಲ. ಬಿಟ್ಟುಹೋದ ಏಳು ಮಂದಿಯಲ್ಲಿ ಇಬ್ಬರು ಲೆಕ್ಕದಲ್ಲಿ ಚುರುಕಾಗಿದ್ದವರು. ಅವರನ್ನು ಕಳೆದುಕೊಂಡದ್ದು ಪ್ರಶ್ನೆಯ ದೋಷವಲ್ಲ, ನಾನು ಇಟ್ಟ ಮೆಟ್ಟಿಲು ಎತ್ತರವಾಗಿತ್ತು.

ಪರೀಕ್ಷೆಯ ಹಿಂದಿನ ತಿಂಗಳು ಅವಳು ಹತ್ತೊಂಬತ್ತು ಒಂದುಗಳನ್ನು ಬರೆದುಕೊಂಡು ಬಂದಳು. ಹೆಜ್ಜೆ 38ರದು ಎಂದು ತಾನೇ ಲೆಕ್ಕ ಹಾಕಿದ್ದಳು. ಸಂಖ್ಯೆಯನ್ನು ಮುದ್ರಿಸಿ, ಬೆರಳಿಟ್ಟು ಎಣಿಸಿ, ಪ್ರೋಗ್ರಾಂ ಓಡಿಸಿದಳು. ವರ್ಗಮೂಲದವರೆಗೆ 2,77,39,277 ಹೆಜ್ಜೆಗಳು. ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮಾಡುತ್ತಿತ್ತು, ಪರದೆಯ ಮೇಲೆ ಏನೂ ಬರಲಿಲ್ಲ. ಕೊನೆಯ ಹೆಜ್ಜೆಯೂ ಮುಗಿದು ಪ್ರೋಗ್ರಾಂ ಬರಿಗೈಯಲ್ಲಿ ನಿಂತಾಗ ಅವಳು ನನ್ನತ್ತ ತಿರುಗಿ, “ಇದು ಒಡೆಯುವುದಿಲ್ಲ ಮೇಡಂ” ಎಂದಳು.